ಕಲ್ಲಿಗೂ ಹುಳಿ ಆಗೋಲ್ಲ



ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ಸೇರಿತ್ತು. ವಿಷಯ, ಮನೆಯ ನೆಲ. ತಲಘಟ್ಟಪುರದ ಈ ಮನೆಯನ್ನು ನಾನು ಕಟ್ಟಿಸಿದ್ದು 1993ರಲ್ಲಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಿಕ್ಕ ಸಾಲದಲ್ಲಿ. ಆಗ ನೆಂಟರೆಲ್ಲ "ಇದೇನಯ್ಯಾ, ಊರಾಚೆ ಹೋಗಿ ಕೂತುಬಿಟ್ಟೆ" ಎಂದು ನಗುತ್ತಿದ್ದರು. ಈಗ 2021ರ ಜನವರಿಯಿಂದ ಮೆಟ್ರೋ ರೈಲೇ ಬಂದು ನಿಲ್ಲುತ್ತದೆ. ಸುತ್ತಮುತ್ತ ಎಲ್ಲ ಬದಲಾಯಿತು, ನಮ್ಮ ಮನೆಯ ನೆಲ ಮಾತ್ರ ಅದೇ. ಅದಕ್ಕೇ ಮಗ ಹೇಳಿದ: "ಅಪ್ಪ, ಈ ಕಲ್ಲೆಲ್ಲ ಹಳೇದಾಯ್ತು. ದೇವರಮನೆ ನೆಲ ನೋಡಿ, ಎಷ್ಟು ಮಂಕಾಗಿದೆ. ಎಲ್ಲ ಕಿತ್ತುಹಾಕಿ ಟೈಲ್ಸ್ ಹಾಕಿಸಿಬಿಡೋಣ."

ನಾನು ಮಾತಾಡಲಿಲ್ಲ. ಮಾತಾಡದೇ ಇರಲು ಕಾರಣ ಇತ್ತು. ದೇವರಮನೆಯ ಮಾರ್ಬಲ್ ಮಂಕಾದದ್ದು ವಯಸ್ಸಿನಿಂದಲ್ಲ, ನನ್ನಿಂದ. ಅದು ನನಗೆ ಗೊತ್ತು, ನಮ್ಮಾಕೆಗೆ ಗೊತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಏಳನೇ ತರಗತಿ ಓದುವ ಮೊಮ್ಮಗಳು ಕೇಳಿದಳು: "ತಾತ, ದೇವರಮನೇಲಿ ಆ ಮಣೆ ಯಾಕೆ ಯಾವಾಗಲೂ ಮೂಲೇಲೇ ಇರುತ್ತೆ? ಬೇರೆ ಕಡೆ ಇಟ್ಟರೆ ಅಜ್ಜಿ ತಿರುಗಿ ಅಲ್ಲಿಗೇ ತಂದಿಡ್ತಾರೆ."

ಅಡುಗೆಮನೆಯಿಂದ ನಮ್ಮಾಕೆಯ ನಗು ಕೇಳಿಸಿತು. "ನಿಮ್ಮ ತಾತನ್ನೇ ಕೇಳು ಪುಟ್ಟಿ."

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ಬರೆದರೆ ರಬ್ಬರಿನಿಂದ ಅಳಿಸುವ ಹಾಗಿಲ್ಲ. ತಪ್ಪು ಓದುವಂತೆಯೇ ಇರಬೇಕು, ಮೇಲೊಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಮಾಡಿದವನು ಮನೆಯಲ್ಲಿ ಮಾತ್ರ ತಪ್ಪಿನ ಮೇಲೆ ಮಣೆ ಮುಚ್ಚಿಟ್ಟಿದ್ದೆ. ಇವತ್ತು ನಿಮ್ಮ ಮುಂದೆ ಗೆರೆ ಎಳೆದು ಸಹಿ ಹಾಕುತ್ತಿದ್ದೇನೆ.

ನಡೆದದ್ದು ಇಷ್ಟು. ಸುಮಾರು ಇಪ್ಪತ್ತು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ನಮ್ಮದು ಬೋರ್‌ವೆಲ್ ನೀರು, ಗಡಸು. ಕಲಶ ಇಡುವ ಜಾಗದ ಹತ್ತಿರ ನೀರು ಒಣಗಿ ಒಣಗಿ ಬಿಳಿ ಪದರ ಕಟ್ಟಿತ್ತು. ಉಜ್ಜಿದೆ, ಹೋಗಲಿಲ್ಲ. ಬಚ್ಚಲು ತೊಳೆಯುವ ಆಸಿಡ್ ಬಾಟಲಿ ಕಣ್ಣಿಗೆ ಬಿತ್ತು. ಸುರಿದೆ. ಚುಂಯ್ ಎಂದು ನೊರೆ ಎದ್ದಿತು. "ಆಹಾ, ಕೊಳೆಯೆಲ್ಲ ಕಿತ್ತು ಬರ್ತಾ ಇದೆ" ಎಂದು ಖುಷಿಪಟ್ಟೆ. ಐದು ನಿಮಿಷ ಬಿಟ್ಟೆ. ಅಷ್ಟರಲ್ಲಿ ಹೊಗೆಗೆ ಕಣ್ಣಲ್ಲಿ ನೀರು, ಗಂಟಲಲ್ಲಿ ಕೆಮ್ಮು. ನೀರು ಹಾಕಿ ತೊಳೆದೆ. ಒಣಗಿದ ಮೇಲೆ ನೋಡಿದರೆ ಊಟದ ತಟ್ಟೆಯಷ್ಟು ಅಗಲದ ಜಾಗದಲ್ಲಿ ಹೊಳಪೇ ಇಲ್ಲ. ಕೈ ಆಡಿಸಿದರೆ ಮರಳುಕಾಗದದ ಹಾಗೆ ತರಿತರಿ.

ನಮ್ಮಾಕೆ ಬಂದು ನೋಡಿದಳು. ಬಯ್ಯಲಿಲ್ಲ. ಮಣೆ ತಂದು ಅದರ ಮೇಲಿಟ್ಟು, ಮಣೆಯ ಮೇಲೆ ಕಲಶ ಇಟ್ಟಳು. ಅವತ್ತು ಮೂಲೆ ಸೇರಿದ ಮಣೆ ಅಲ್ಲೇ ಉಳಿಯಿತು.

ಕಥೆ ಕೇಳಿದ ಮೊಮ್ಮಗಳು ಮಣೆ ಎತ್ತಿದಳು, ಬೆರಳಾಡಿಸಿದಳು. ಒಳಗೆ ಓಡಿಹೋಗಿ ವಿಜ್ಞಾನದ ಪುಸ್ತಕ ತಂದಳು. ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ. "ತಾತ, ಕೊಳೆ ಕಿತ್ತು ಬಂದಿದ್ದಲ್ಲ. ಕಲ್ಲೇ ಕರಗಿದ್ದು!"

ನಾನು ಬಿ.ಕಾಂ. ಓದಿದವನು. ಡೆಬಿಟ್, ಕ್ರೆಡಿಟ್ ಬಿಟ್ಟರೆ ಬೇರೆ ವಿದ್ಯೆ ಕಲಿಯಲಿಲ್ಲ. ಎಪ್ಪತ್ತು ದಾಟಿದ ಮೇಲೆ ಮೊಮ್ಮಗಳ ಹತ್ತಿರ ರಸಾಯನಶಾಸ್ತ್ರದ ಪಾಠ ಆಯಿತು. ಅದನ್ನೇ ನಿಮಗೂ ಹೇಳುತ್ತೇನೆ.

ಮಾರ್ಬಲ್, ಅಂದರೆ ಅಮೃತಶಿಲೆ, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಓಡು, ಕಡಲತೀರದ ಕಪ್ಪೆಚಿಪ್ಪು ಕೂಡ ಅದೇ ವಸ್ತು. ಅದಕ್ಕೆ ಹುಳಿ ತಾಗಿದರೆ ಅದು ಕರಗಿ, ಇಂಗಾಲದ ಡೈ ಆಕ್ಸೈಡ್ ಹೊರಗೆ ಬರುತ್ತದೆ. ಸೋಡಾ ಬಾಟಲಿ ತೆಗೆದಾಗ ಬುಸ್ಸೆನ್ನುವ ಅನಿಲವೇ ಅದು. ನಾನು ಕೊಳೆ ಎಂದುಕೊಂಡ ನೊರೆ, ಕಲ್ಲು ಬಿಟ್ಟ ಕೊನೆಯುಸಿರು. ಆಸಿಡ್ ಮಾತ್ರವಲ್ಲ, ನಿಂಬೆಹಣ್ಣು, ಹುಣಸೆಹಣ್ಣು, ವಿನೆಗರ್, ಮೊಸರು ಎಲ್ಲ ಹುಳಿಯೇ. ಕೆಲವರಿಗೆ ಹುಳಿ ತಿಂದರೆ ಎದೆ ಉರಿಯುತ್ತದಲ್ಲ, ಹಾಗೆಯೇ ಕೆಲವು ಕಲ್ಲಿಗೂ ಹುಳಿ ಆಗೋಲ್ಲ.

ಆದರೆ ಎಲ್ಲ ಕಲ್ಲಿಗೂ ಹಾಗಲ್ಲ. ಹಾಗಾದರೆ ನಮ್ಮ ಮನೆಯಲ್ಲಿ ಯಾವ ಕಲ್ಲಿಗೆ ಆಗುತ್ತದೆ, ಯಾವುದಕ್ಕೆ ಆಗೋಲ್ಲ? ಕಿತ್ತುಹಾಕುವ ಮೊದಲು ಅದನ್ನಾದರೂ ತಿಳಿಯೋಣ ಎಂದು ತಾತ ಮೊಮ್ಮಗಳು ಕೆಲಸಕ್ಕೆ ಇಳಿದೆವು.

ಮನೆಯ ಕಲ್ಲುಗಳ ಜಾತಕ

ಮನೆ ಕಟ್ಟಿದಾಗ ಉಳಿದ ಕಲ್ಲಿನ ಚೂರುಗಳು ಮೆಟ್ಟಿಲ ಕೆಳಗೆ ಇನ್ನೂ ಇದ್ದವು. ಹಳಬರು ಯಾವುದನ್ನೂ ಎಸೆಯುವುದಿಲ್ಲ, ನೋಡಿ! ಅವನ್ನು ತೊಳೆದು ಸಾಲಾಗಿ ಇಟ್ಟು, ಒಂದೊಂದರ ಮೇಲೂ ಒಂದು ಹನಿ ನಿಂಬೆರಸ ಬಿಟ್ಟೆವು. ಹತ್ತು ನಿಮಿಷ ಕಾದು ಒರೆಸಿ ನೋಡಿದೆವು.

ಮೊದಲನೆಯದು ಹೊರಬಾಗಿಲ ಮೆಟ್ಟಿಲಿನ ಬೂದುಕಲ್ಲು. ದೇವನಹಳ್ಳಿ ದಾರಿಯ ಸಾದಹಳ್ಳಿ ಕಡೆಯದು, ಉಳಿಯಲ್ಲಿ ಹೊಡೆದದ್ದು. ಅದಕ್ಕೆ ನಿಂಬೆರಸದಿಂದ ಏನೂ ಆಗಲಿಲ್ಲ. ಹಜಾರದ ನೆಲ ಇಳಕಲ್ಲಿನ ಕೆಂಪು ಗ್ರಾನೈಟ್. (ಇಳಕಲ್ ಎಂದರೆ ಸೀರೆ ಮಾತ್ರ ಅಲ್ಲ ಮಕ್ಕಳೇ.) ಅದಕ್ಕೂ ಏನೂ ಆಗಲಿಲ್ಲ. ಅಡುಗೆಮನೆಯ ಕಟ್ಟೆ ಚಾಮರಾಜನಗರದ ಕರಿಕಲ್ಲು. ಅಂಗಡಿಯವರು ಅದನ್ನೂ ಗ್ರಾನೈಟ್ ಎಂದೇ ಮಾರುತ್ತಾರೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಡಾಲರೈಟ್ ಎಂಬ ಬೇರೆ ಶಿಲೆ. ಅದೂ ನಿಂಬೆಗೆ ಜಗ್ಗಲಿಲ್ಲ.

ಮುಂದಿನದು ಸಾಮಾನು ಕೋಣೆಯ ಅಲಮಾರಿಗೆ ಹಾಕಿದ್ದ ಕಡಪ ಕಲ್ಲು. ಒರೆಸಿದಾಗ ಹನಿ ಬಿದ್ದ ಕಡೆ ಕಪ್ಪು ಹೋಗಿ ಬೂದಿಬಣ್ಣದ ಚುಕ್ಕೆ ಕಂಡಿತು. ಅಲಮಾರಿಯಲ್ಲಿ ಉಪ್ಪಿನಕಾಯಿ ಜಾಡಿ ಇಡುವ ಕಡೆ ಬಿಳಿ ಬಳೆಯಂಥ ಗುರುತು ಯಾಕಿದೆ ಎನ್ನುವುದು ಆಗ ತಿಳಿಯಿತು. ಕೊನೆಯದು ರಾಜಸ್ಥಾನದ ಬಿಳಿ ಮಾರ್ಬಲ್. ಭೂತಗನ್ನಡಿ ಹಿಡಿದಾಗ ಹನಿಯೊಳಗೆ ಪುಟ್ಟಪುಟ್ಟ ಗುಳ್ಳೆಗಳು ಕಾಣಿಸಿದವು. ಒರೆಸಿದ ಮೇಲೆ ಆ ಜಾಗ ಮಂಕು.

ಕಡಪ ಕಲ್ಲು ಸುಣ್ಣದ ಕಲ್ಲಿನ ವಂಶ. ಕಲಬುರಗಿ ಕಡೆಯ ಓದುಗರ ಮನೆಯಲ್ಲಿ ಇರುವ ಶಹಾಬಾದ್ ಫರಸಿಯೂ ಅದೇ ವಂಶ. ಮಾರ್ಬಲ್ ಎಂದರೆ ಸುಣ್ಣದ ಕಲ್ಲೇ ನೆಲದಾಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಬದಲಾದದ್ದು. ಈ ಮೂವರಿಗೂ ಹುಳಿ ಆಗೋಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಳಪದ ಕಲ್ಲಿನ ಮರಿಗೆ ನೋಡಿರಬಹುದು. ಬೇಲೂರು, ಹಳೇಬೀಡಿನ ಶಿಲ್ಪಗಳೂ ಆ ಜಾತಿಯ ಮೆದು ಕಲ್ಲಿನವೇ. ಉಗುರಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆದುವಾದ ಬಳಪದ ಕಲ್ಲಿನ ಮರಿಗೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಏನೂ ಆಗದು. ಅದಕ್ಕಿಂತ ಗಟ್ಟಿಯಾದ ಮಾರ್ಬಲ್ ಮೇಲೆ ಇಟ್ಟರೆ ಕಲೆ ಬೀಳುತ್ತದೆ. ಗಟ್ಟಿತನ ಒಂದು ಖಾತೆ, ಹುಳಿ ತಡೆಯುವುದು ಇನ್ನೊಂದು ಖಾತೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಬಾರದು.

ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ, ಕೆಂಪೇಗೌಡರ ಗೋಪುರ ಇರುವುದು? ಅದಕ್ಕೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕೂಡ. ಅಷ್ಟು ಕಾಲದ ಮಳೆ ಬಿಸಿಲನ್ನು ಕಂಡ ಬಂಡೆಯ ಊರಿನವರು ನಾವು. ಅದಕ್ಕೇ ಇರಬೇಕು, ಕಲ್ಲಿಗೆ ಏನು ಮಾಡಿದರೂ ತಡೆಯುತ್ತದೆ ಎಂಬ ಧೈರ್ಯ ನಮಗೆ. ದೇವರಮನೆಯ ಮಾರ್ಬಲ್ ಐದು ನಿಮಿಷದಲ್ಲಿ ನನ್ನ ಆ ಧೈರ್ಯ ಇಳಿಸಿತ್ತು.

ಹಾಗಾದರೆ ಹೇಗೆ ನೋಡಿಕೊಳ್ಳಬೇಕು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಕಲ್ಲಿನ ಜೊತೆ ಕುಸ್ತಿ ಬೇಡ. ಅದರ ಹೆಸರು ತಿಳಿದುಕೊಳ್ಳಿ, ಬಿದ್ದದ್ದನ್ನು ಬಿದ್ದ ಕೂಡಲೇ ಒರೆಸಿ. ಬ್ಯಾಂಕಿನಲ್ಲಿ ಕ್ಯಾಷ್ ಅವತ್ತಿನದು ಅವತ್ತೇ ಟ್ಯಾಲಿ ಆಗಬೇಕು. ನಾಳೆಗೆ ಬಿಟ್ಟರೆ ಹುಡುಕುವ ಕಷ್ಟ ಹತ್ತರಷ್ಟು. ನೆಲವೂ ಹಾಗೆಯೇ.

ಮೊದಲು ಗುಡಿಸಬೇಕು, ಆಮೇಲೆ ಒರೆಸಬೇಕು. ಇದರಲ್ಲಿ ಹೇಳುವುದೇನಿದೆ ಎನ್ನಬೇಡಿ. ಚಪ್ಪಲಿಗೆ ಅಂಟಿ ಬರುವ ಮರಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ. 1812ರಲ್ಲಿ ಮೋಸ್ ಎಂಬ ಜರ್ಮನ್ ವಿಜ್ಞಾನಿ ಖನಿಜಗಳ ಗಟ್ಟಿತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. ಆ ಪಟ್ಟಿಯಲ್ಲಿ ಬಳಪದ ಕಲ್ಲಿನಲ್ಲಿರುವ ಟಾಲ್ಕ್‌ಗೆ 1, ಮಾರ್ಬಲ್ಲಿನಲ್ಲಿರುವ ಕ್ಯಾಲ್ಸೈಟ್‌ಗೆ 3, ಸ್ಫಟಿಕ ಶಿಲೆಗೆ 7, ವಜ್ರಕ್ಕೆ 10. ಏಳು ಅಂಕದ ಮರಳನ್ನು ಒದ್ದೆಬಟ್ಟೆಯಲ್ಲಿ ಸಿಕ್ಕಿಸಿ ಮೂರು ಅಂಕದ ನೆಲದ ಮೇಲೆ ಉಜ್ಜಿದರೆ ಏನಾಗಬೇಕು ಹೇಳಿ? ಬಾಗಿಲ ಹೊರಗೊಂದು, ಒಳಗೊಂದು ಕಾಲೊರೆಸು ಹಾಕಿ. ಹುಲ್ಲಿನ ಪೊರಕೆಯಲ್ಲಿ ಮೆತ್ತಗೆ ಗುಡಿಸಿ. ಕುರ್ಚಿಯ ಕಾಲಿಗೆ ಬಟ್ಟೆಯೋ ಫೆಲ್ಟೋ ಅಂಟಿಸಿ.

ಒರೆಸುವ ನೀರಿಗೆ ಪಿ.ಎಚ್. ನ್ಯೂಟ್ರಲ್ ಎಂದು ಬರೆದಿರುವ ಮೃದುವಾದ ದ್ರವ ಸ್ವಲ್ಪ ಹಾಕಿದರೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಶುಚಿ ಆಗುವುದಿಲ್ಲ, ಹೆಚ್ಚು ಜಾರುತ್ತದೆ, ಅಷ್ಟೆ. ಎರಡನೇ ಸಲ ಬರೀ ನೀರಿನಲ್ಲಿ, ಮೂರನೇ ಸಲ ಒಣಬಟ್ಟೆಯಲ್ಲಿ ಒರೆಸಿ. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಈ ಒಣಬಟ್ಟೆಯೇ ಮದ್ದು. ನೀರು ತಾನಾಗಿ ಒಣಗಿದರೆ ಅದರೊಳಗಿನ ಸುಣ್ಣ ಕಲ್ಲಿನ ಮೇಲೆ ಉಳಿದು ಪದರ ಕಟ್ಟುತ್ತದೆ. ನನ್ನ ಆಸಿಡ್ ಪುರಾಣ ಶುರುವಾದದ್ದೇ ಆ ಪದರದಿಂದ. ಅವತ್ತು ಒಣಬಟ್ಟೆ ಹಾಕಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಹಬ್ಬದ ಮುಂಚೆ ಹಿತ್ತಾಳೆ ದೀಪ, ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ಬೆಳಗುತ್ತೇವಲ್ಲ, ಆ ಕೆಲಸ ಹಿತ್ತಿಲ ಗ್ರಾನೈಟ್ ಚಪ್ಪಡಿಯ ಮೇಲೆ ಆಗಲಿ. ಬೆಳಗಿದ್ದನ್ನು ಚೆನ್ನಾಗಿ ತೊಳೆದು ಒರೆಸಿಯೇ ಮಾರ್ಬಲ್ ಮೇಲಿಡಿ. ಪಂಚಾಮೃತದ ಬಟ್ಟಲಿಗೆ, ನಿಂಬೆಹಣ್ಣಿನ ದೀಪಕ್ಕೆ ಕೆಳಗೊಂದು ತಟ್ಟೆ ಇರಲಿ.

ಗ್ರಾನೈಟ್‌ಗೆ ಹುಳಿಯ ಭಯವಿಲ್ಲ ಎಂದು ಅದಕ್ಕೆ ಆಸಿಡ್ ಹಾಕಲು ಹೋಗಬೇಡಿ. ಕಲ್ಲು ತಡೆದರೂ ಸಂದಿನ ಸಿಮೆಂಟು ತಡೆಯದು. ಗ್ರಾನೈಟ್‌ನ ತೊಂದರೆ ಬೇರೆ. ಅದಕ್ಕೆ ಕಣ್ಣಿಗೆ ಕಾಣದ ರಂಧ್ರಗಳಿವೆ, ಎಣ್ಣೆ ಕುಡಿಯುತ್ತದೆ. ಎಣ್ಣೆ ಡಬ್ಬಿ ಇಟ್ಟ ಕಡೆ ಕಪ್ಪು ಉಂಗುರ ಬೀಳುವುದು ಅದಕ್ಕೇ. ಅದಕ್ಕೊಂದು ಸುಲಭ ಉಪಾಯ ಇದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾಗಿ ಮಾಡಿಕೊಳ್ಳಿ. ಕಲೆಯ ಮೇಲೆ ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಟ್ಟು ಹಾಳೆ ತೆಗೆದು, ಪೂರ್ತಿ ಒಣಗಲು ಬಿಡಿ. ಒಣಗುವಾಗ ಅದು ಒಳಗಿನ ಎಣ್ಣೆಯನ್ನು ಮೇಲೆಳೆದುಕೊಳ್ಳುತ್ತದೆ. ಆಮೇಲೆ ಮರದ ಸೌಟಿನಲ್ಲಿ ಮೆಲ್ಲಗೆ ಎಬ್ಬಿಸಿ ಒರೆಸಿ. ಹಳೆಯ ಕಲೆಯಾದರೆ ಎರಡು ಮೂರು ಸಲ ಮಾಡಬೇಕಾದೀತು.

ಇದು ಬಡವರ ಮನೆಯ ಉಪಾಯ ಎಂದುಕೊಳ್ಳಬೇಡಿ. ತಾಜ್ ಮಹಲಿನ ಹಳದಿಯಾದ ಮಾರ್ಬಲ್‌ಗೆ ಭಾರತೀಯ ಪುರಾತತ್ತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿ ಮೆತ್ತಿ, ಒಣಗಿದ ಮೇಲೆ ನೀರಿನಲ್ಲಿ ತೊಳೆಯುತ್ತಾರೆ. ನಿಮ್ಮ ಅಕ್ಕಂದಿರು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯೇ! ಅಂಥ ಕಟ್ಟಡಕ್ಕೇ ಆಸಿಡ್ ಬೇಡ, ಮಣ್ಣು ಸಾಕು ಎಂದ ಮೇಲೆ ನಮ್ಮ ಅಡುಗೆಕಟ್ಟೆ ಯಾವ ಲೆಕ್ಕ?

ಕಲ್ಲು ಎಣ್ಣೆ ಕುಡಿಯುವ ಸ್ಥಿತಿಯಲ್ಲಿದೆಯೇ ಎಂದು ತಿಳಿಯಲು ಒಂದು ಚಮಚ ನೀರು ಬಿಟ್ಟು ಕಾಲು ಗಂಟೆ ಕಾಯಿರಿ. ಒರೆಸಿದ ಮೇಲೂ ಆ ಜಾಗ ಕಪ್ಪಾಗಿ ಕಂಡರೆ ನೀರು ಇಳಿದಿದೆ ಎಂದರ್ಥ. ಕಲ್ಲಿಗೆ ಹಾಕುವ ಸೀಲರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಚ್ಚಿಸಿದರೆ ಎಣ್ಣೆ ನೀರು ಬೇಗ ಇಳಿಯುವುದಿಲ್ಲ. ಆದರೆ ಮಾರ್ಬಲ್‌ಗೆ ಸೀಲರ್ ಹಾಕಿದ್ದೇವೆ ಎಂದು ನಿಂಬೆರಸ ಚೆಲ್ಲಿಕೊಂಡು ಕೂರಬೇಡಿ. ಸೀಲರ್ ಕಲೆ ಇಳಿಯುವುದನ್ನು ತಡೆಯುತ್ತದೆ, ಹುಳಿ ಕಚ್ಚುವುದನ್ನು ತಡೆಯುವುದಿಲ್ಲ.

ಮೊಬೈಲಿನಲ್ಲಿ ಒಂದು ಉಪಾಯ ದಿನಾ ಬರುತ್ತದೆ: ನಿಂಬೆರಸ, ವಿನೆಗರ್, ಅಡುಗೆ ಸೋಡಾ ಕಲಸಿ ಉಜ್ಜಿ ಎಂದು. ಮೊಮ್ಮಗಳು ಅದಕ್ಕೂ ನಕ್ಕಳು. ಹುಳಿ ಮತ್ತು ಸೋಡಾ ಸೇರಿದರೆ ಒಂದನ್ನೊಂದು ವಜಾ ಮಾಡಿಕೊಳ್ಳುತ್ತವೆ. ಬುಸ್ ಎಂದ ಸದ್ದು ಬಿಟ್ಟರೆ ಲಾಭ ಕಡಿಮೆ. ಹುಳಿ ಹೆಚ್ಚು ಉಳಿದರೆ ಮಾರ್ಬಲ್‌ಗೆ ನಷ್ಟ.

ಇನ್ನು ಎರಡು ಎಚ್ಚರಿಕೆ. ಇವನ್ನು ಅಜ್ಜ-ಅಜ್ಜಿಯರು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.

ಮೊದಲನೆಯದು: ಮಕ್ಕಳು ಆಸಿಡ್ ಬಾಟಲಿ ಮುಟ್ಟಲೇಬಾರದು. ದೊಡ್ಡವರು ಬಚ್ಚಲಿಗೆ ಬಳಸಿದರೂ ಅದನ್ನು ಬ್ಲೀಚಿಂಗ್ ಪೌಡರಿನ ಜೊತೆ ಯಾವತ್ತೂ ಸೇರಿಸಬಾರದು. ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಅದು ವಿಷ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ.

ಎರಡನೆಯದು: ನಯವಾದ ಕಲ್ಲು ಒದ್ದೆಯಾದರೆ ಜಾರುತ್ತದೆ. ಎರಡು ವರ್ಷದ ಹಿಂದೆ ನಮ್ಮಾಕೆ ಅಡುಗೆಮನೆಯ ಬಾಗಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಕೈಗೆ ಪ್ಲಾಸ್ಟರ್. ಅವತ್ತು ನೆಲ ಒರೆಸಿದವನೂ ನಾನೇ. ಘಮಘಮ ಇರಲಿ ಎಂದು ಸೋಪಿನ ದ್ರವ ಧಾರಾಳವಾಗಿ ಸುರಿದಿದ್ದೆ, ಒಣಬಟ್ಟೆ ಹಾಕಿರಲಿಲ್ಲ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರು ಕೂತು ಕಾಫಿ ಕುಡಿಯುವ ಹೊತ್ತಿಗೆ ನೆಲ ಒರೆಸಿ, ಒಣಗಿದ ಮೇಲೆ "ಈಗ ಬನ್ನಿ" ಎಂದು ಮೊಮ್ಮಕ್ಕಳು ಕರೆಯಲಿ. ಬಚ್ಚಲಿಗೆ ತರಿಯಾದ ಕಲ್ಲೇ ಇರಲಿ. ಹೊಳೆಯುವ ನೆಲಕ್ಕಿಂತ ಅದರ ಮೇಲೆ ನಡೆಯುವ ಕಾಲು ಮುಖ್ಯ.

ಪಂಚಾಯಿತಿಯ ತೀರ್ಪು

ನಾವಿಬ್ಬರೂ ಕಲ್ಲಿನ ಚೂರುಗಳನ್ನು ಮಗನ ಮುಂದೆ ಜೋಡಿಸಿ ವರದಿ ಒಪ್ಪಿಸಿದೆವು. ಮೂವತ್ತು ವರ್ಷದಲ್ಲಿ ಈ ಮನೆಯಲ್ಲಿ ಕಲ್ಲು ತಾನಾಗಿ ಕೆಟ್ಟದ್ದು ಒಂದೂ ಇಲ್ಲ. ಕೆಡಿಸಿದ್ದೆಲ್ಲ ನಾವೇ. ಇನ್ನೊಂದು ವಿಷಯ, ಟೈಲ್ಸಿನ ಮೇಲ್ಪದರ ಹೋದರೆ ಮುಗಿಯಿತು. ಕಲ್ಲು ಮೇಲಿಂದ ಕೆಳಗಿನವರೆಗೂ ಕಲ್ಲೇ. ತೆಳ್ಳಗೆ ಒಂದು ಪದರ ಉಜ್ಜಿ ತೆಗೆದರೆ ಕೆಳಗೆ ಹೊಸ ಕಲ್ಲು ಕಾದಿರುತ್ತದೆ.

ಮಗ ನನ್ನನ್ನೇ ನೋಡಿದ. "ಅಪ್ಪ, ಆಸಿಡ್ ವಿಷಯ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ" ಎಂದು ನಕ್ಕ. ಟೈಲ್ಸಿನ ಮಾತು ಅಲ್ಲಿಗೆ ನಿಂತಿತು.

ಮಾರ್ಬಲ್ ಪಾಲಿಷ್ ಮಾಡುವವರನ್ನು ಕರೆಸಿದೆವು. ನೀರು ಬಿಟ್ಟುಕೊಂಡು, ಮೊದಲು ತರಿಯಾದ ಬಿಲ್ಲೆ, ಆಮೇಲೆ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು ಹಾಕಿ ಉಜ್ಜಿದರು. ಅಷ್ಟು ಪುಟ್ಟ ಕೋಣೆಗೆ ಅರ್ಧ ದಿನ ಸಾಕಾಯಿತು. ಮೊಮ್ಮಗಳು ಬಾಗಿಲಲ್ಲೇ ಕೂತು ನೋಡಿದಳು. ಸಂಜೆ ಒಣಗಿದ ಮೇಲೆ ಆ ತಟ್ಟೆಯಗಲದ ಜಾಗ ಎಲ್ಲಿತ್ತು ಎಂದು ನನಗೇ ಗುರುತು ಸಿಗಲಿಲ್ಲ.

"ಅಜ್ಜಿ, ಇನ್ನು ಮಣೆ ಬೇಡ ಅಲ್ವಾ?" ಎಂದಳು ಮೊಮ್ಮಗಳು.

"ಬೇಡ ಅಂದರೆ ಹೇಗೆ? ಕಲಶ ಇಡೋಕೆ ಮಣೆ ಬೇಕು" ಎಂದಳು ನಮ್ಮಾಕೆ. ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತಾ ನಿಂತಿದ್ದು, "ಈ ವರ್ಷ ಮಧ್ಯಕ್ಕೆ ಇಡೋಣ" ಎಂದಳು.

ಈ ವಾರದ ಕೆಲಸ: ಮಕ್ಕಳೇ, ಒಂದು ಹಾಳೆ, ಪೆನ್ಸಿಲ್ ತೆಗೆದುಕೊಂಡು ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಮನೆಯೆಲ್ಲ ಸುತ್ತಿ. ಹೊಸ್ತಿಲು, ನೆಲ, ಅಡುಗೆಕಟ್ಟೆ, ಒಗೆಯುವ ಕಲ್ಲು, ರುಬ್ಬುವ ಕಲ್ಲು ಎಲ್ಲದರ ಹೆಸರು, ಊರು ಕೇಳಿ ಬರೆಯಿರಿ. ಯಾವ ಕಲ್ಲು ಎಂದು ತಿಳಿಯದಿದ್ದರೆ, ದೊಡ್ಡವರ ಒಪ್ಪಿಗೆ ಪಡೆದು, ಯಾರಿಗೂ ಕಾಣದ ಮೂಲೆಯಲ್ಲಿ ಒಂದೇ ಒಂದು ಹನಿ ನಿಂಬೆರಸ ಬಿಟ್ಟು ನೋಡಿ, ಆಮೇಲೆ ನೀರಿನಲ್ಲಿ ಒರೆಸಿ. ಹುಳಿ ಆಗದ ಕಲ್ಲಿನ ಮುಂದೆ ಒಂದು ಗುರುತು ಹಾಕಿ, ಆ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಮನೆಯಲ್ಲಿ ಯಾರಾದರೂ ಯಾವುದಾದರೂ ಗುರುತಿನ ಮೇಲೆ ಮಣೆ ಮುಚ್ಚಿಟ್ಟಿದ್ದರೆ, ಮೆಲ್ಲಗೆ ಎತ್ತಿ ಕೇಳಿ. ಬಯ್ಯಬೇಡಿ.

ಮುಂದಿನ ವಾರ ಸಿಗೋಣ.